ಒಂದೇ ಗಾಳಿ, ಎರಡು ರೂಪ: ಪಂದ್ಯದ ಜಿ.ಟಿ. ಕಾರುಗಳ ವಾಯುಗತಿ ವಿಚಾರ

ಗಂಗಾವತಿಯ ಭತ್ತದ ಕಣದಲ್ಲಾಗಲಿ, ಕುಷ್ಟಗಿ–ಯಲಬುರ್ಗಾ ಸೀಮೆಯ ಜೋಳದ ಕಣದಲ್ಲಾಗಲಿ, ರಾಶಿ ತೂರುವ ರೈತನು ಮೊದಲು ನೋಡುವುದು ಗಾಳಿಯ ದಿಕ್ಕನ್ನು. ಮೊರದಿಂದ ಸುರಿದ ಕಾಳು ಬುಡಕ್ಕೆ ಬೀಳುತ್ತದೆ; ಹೊಟ್ಟು ಹಾರಿ ದೂರ ಸರಿಯುತ್ತದೆ. ಎರಡಕ್ಕೂ ತಗುಲಿದ ಗಾಳಿ ಒಂದೇ. ಆಕಾರವೂ ತೂಕವೂ ಬೇರೆಯಾದುದರಿಂದ ಫಲವೂ ಬೇರೆಯಾಯಿತು. “ಗಾಳಿ ಬಂದಾಗ ತೂರಿಕೋ” ಎಂಬ ಗಾದೆ ಹುಟ್ಟಿದ್ದು ಇಂಥ ಕಣದ ಅನುಭವದಿಂದಲೇ. ಚಲಿಸುವ ವಸ್ತುವಿನ ಮೇಲೆ ಗಾಳಿಯು ನಡೆಸುವ ಕಾರ್ಯವನ್ನು ಅಳೆದು ತೂಗಿ ವಿವರಿಸುವ ಶಾಸ್ತ್ರಕ್ಕೆ ವಾಯುಗತಿವಿಜ್ಞಾನವೆಂದು ಹೆಸರು.

ಈ ಶಾಸ್ತ್ರವು ವಿಮಾನಕ್ಕೆ ಮಾತ್ರ ಸಂಬಂಧಿಸಿದ್ದೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿದೆ. ನೆಲದ ಮೇಲೆಯೇ ಓಡುವ ಪಂದ್ಯದ ಕಾರುಗಳಲ್ಲಿ ಅದು ಅಷ್ಟೇ ಸೂಕ್ಷ್ಮವಾಗಿ ವರ್ತಿಸುತ್ತದೆಂಬುದನ್ನು ತಿಳಿಯಲು ಕರ್ನಾಟಕದವರದೇ ಒಂದು ನಿದರ್ಶನವಿದೆ. ೧೯೯೭ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅರ್ಜುನ್ ಮೈನಿಯವರು ೨೦೧೯ರಲ್ಲಿ ಫ್ರಾನ್ಸ್ ದೇಶದ ಲ ಮಾನ್ ಪಟ್ಟಣದ ಇಪ್ಪತ್ನಾಲ್ಕು ತಾಸುಗಳ ಪಂದ್ಯದಲ್ಲಿ ಓರೆಕಾ ೦೭ ಎಂಬ ಕಾರನ್ನು ಓಡಿಸಿದರು. ೨೦೨೧ರಲ್ಲಿ ಜರ್ಮನಿಯ ಡಿ.ಟಿ.ಎಂ. ಪಂದ್ಯಮಾಲೆಯಲ್ಲಿ ಮರ್ಸಿಡಿಸ್-ಎಎಂಜಿ ಜಿಟಿ೩ ಎಂಬ ಕಾರನ್ನು ಓಡಿಸಿದರು. ಮೊದಲನೆಯದು ಪಂದ್ಯಕ್ಕೆಂದೇ ಹುಟ್ಟಿದ ಕಾರು; ಎರಡನೆಯದು ಪೇಟೆಯಲ್ಲಿ ಮಾರುವ ಕಾರಿನಿಂದ ರೂಪುಗೊಂಡ ಕಾರು. ಚಾಲಕನೊಬ್ಬನೇ, ಗಾಳಿಯೂ ಒಂದೇ. ಆದರೆ ಆ ಎರಡು ವಾಹನಗಳು ಗಾಳಿಯೊಡನೆ ನಡೆಸುವ ವ್ಯವಹಾರ ಬೇರೆ ಬೇರೆ. ಆ ಭೇದವೇನು, ಆ ಭೇದವನ್ನು ಮರೆಮಾಚಿದಾಗ ಒದಗಿದ ಅಪಾಯವೇನು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಹೆಸರಿನ ವಿಚಾರ

ಕನ್ನಡ ವ್ಯಾಕರಣದಲ್ಲಿ ವಸ್ತುವಾಚಕಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮಗಳೆಂದು ಮೂರಾಗಿ ವಿಂಗಡಿಸುವುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಗುಣಕ್ಕೋ ವೃತ್ತಿಗೋ ತಕ್ಕಂತೆ ಬಂದ ಹೆಸರು ಅನ್ವರ್ಥನಾಮ. ‘ಜಿ.ಟಿ.’ ಎಂಬುದು ಮೂಲತಃ ಅಂಥ ಹೆಸರು. ಇಟಲಿಯ ಭಾಷೆಯ ‘ಗ್ರಾನ್ ತುರಿಸ್ಮೊ’ ಎಂಬ ಪದದ ಹ್ರಸ್ವರೂಪವಾದ ಇದಕ್ಕೆ ಮಹಾಪ್ರವಾಸವೆಂದು ಅರ್ಥ. ಒಡೆಯನೂ ಅವನ ಸಂಗಡಿಗನೂ ಕುಳಿತು, ಬಟ್ಟೆಬರೆಯ ಪೆಟ್ಟಿಗೆಯನ್ನು ಇಟ್ಟುಕೊಂಡು, ದೂರದ ಊರಿಗೆ ವೇಗವಾಗಿಯೂ ಸುಖವಾಗಿಯೂ ಹೋಗಲು ಯೋಗ್ಯವಾದ ಕಾರು ಜಿ.ಟಿ. ಕಾರು. ಅಂಥ ಕಾರನ್ನೇ ಹಗುರ ಮಾಡಿ, ಬಲಪಡಿಸಿ ಪಂದ್ಯಕ್ಕೆ ಇಳಿಸಿದರೆ ಅದು ಉತ್ಪಾದನಾಮೂಲದ ಜಿ.ಟಿ. ಪಂದ್ಯದ ಕಾರು ಎನಿಸುತ್ತದೆ. ಮಾರುಕಟ್ಟೆಯ ಯಾವ ಕಾರನ್ನೂ ಆಧರಿಸದೆ, ಪಂದ್ಯವೊಂದನ್ನೇ ಗುರಿಯಾಗಿಟ್ಟು ಹೊಸದಾಗಿ ರಚಿಸಿದ್ದು ಮೂಲಮಾದರಿ, ಅಥವಾ ಪ್ರೋಟೋಟೈಪ್, ಕಾರು.

ಹಳ್ಳಿಯ ಚಕ್ಕಡಿಯಿಂದ ಈ ಭೇದವನ್ನು ಸುಲಭವಾಗಿ ತಿಳಿಯಬಹುದು. ಹೊಲಕ್ಕೆ ಗೊಬ್ಬರ ಸಾಗಿಸುವ, ಸುಗ್ಗಿಯಲ್ಲಿ ಚೀಲ ಹೇರುವ, ಜಾತ್ರೆಗೆ ಮನೆಮಂದಿಯನ್ನು ಒಯ್ಯುವ ಚಕ್ಕಡಿಯನ್ನೇ ಹಲಗೆ ಕಳಚಿ ಹಗುರ ಮಾಡಿ ಓಟದ ಸ್ಪರ್ಧೆಗೆ ಹೂಡಬಹುದು. ಇಲ್ಲವೇ ಬಡಿಗನಿಗೆ ಹೇಳಿ, ಎತ್ತುಗಳ ಓಟಕ್ಕೆಂದೇ ಹಗುರವಾದ ಬಂಡಿಯೊಂದನ್ನು ಮಾಡಿಸಬಹುದು. ಮೊದಲನೆಯ ಚಕ್ಕಡಿ ಎಷ್ಟೇ ಹಗುರವಾದರೂ ಅದರ ಅಚ್ಚಿನಲ್ಲಿ, ಗಾಲಿಯಲ್ಲಿ ಭಾರ ಹೊರುವ ಹಳೆಯ ಧರ್ಮ ಉಳಿದೇ ಇರುತ್ತದೆ. ಎರಡನೆಯದಕ್ಕೆ ಹೊರಬೇಕಾದ ಹಳೆಯ ಧರ್ಮವೇ ಇಲ್ಲ.

ಗಾಳಿಯ ತ್ರಿವಿಧ ಕಾರ್ಯ

ಓಡುವ ಕಾರಿನ ಮೇಲೆ ಗಾಳಿಯು ಮುಖ್ಯವಾಗಿ ಮೂರು ವಿಧವಾಗಿ ವರ್ತಿಸುತ್ತದೆ.

ಮೊದಲನೆಯದು ರೋಧ. ಯಲಬುರ್ಗಾದ ಕಡೆಯ ಮಣ್ಣಿನ ದಾರಿಯಲ್ಲಿ ಬಸ್ಸು ಸಾಗುವಾಗ ಧೂಳು ಅದರ ಬೆನ್ನಿಗೆ ಬಿದ್ದು ಸುರುಳಿ ಸುತ್ತುತ್ತ ಹಿಂಬಾಲಿಸುವುದನ್ನು ಎಲ್ಲರೂ ಕಂಡಿರುತ್ತಾರೆ. ಬಸ್ಸಿನ ಚಪ್ಪಟೆಯಾದ ಬೆನ್ನಿನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಸುತ್ತಲಿನ ಗಾಳಿ ಅಲ್ಲಿಗೆ ಗೊಂದಲಗೊಂಡು ನುಗ್ಗುತ್ತದೆ. ಮುಂದೆ ಒತ್ತಡ ಹೆಚ್ಚು, ಹಿಂದೆ ಕಡಿಮೆ. ಆದುದರಿಂದ ವಾಹನವನ್ನು ಹಿಂದಕ್ಕೆ ಎಳೆದಂತಾಗುತ್ತದೆ. ಈ ರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಕಾರಣವು ಸರಳವಾಗಿದೆ: ವೇಗ ಇಮ್ಮಡಿಯಾದರೆ ಒಂದು ಸೆಕೆಂಡಿನಲ್ಲಿ ಎದುರಾಗುವ ಗಾಳಿಯ ಪ್ರಮಾಣ ಇಮ್ಮಡಿ, ಆ ಗಾಳಿ ತಾಗುವ ವೇಗವೂ ಇಮ್ಮಡಿ, ಗುಣಿಸಿದರೆ ನಾಲ್ಮಡಿ. ಎದುರಿನ ವಿಸ್ತೀರ್ಣ ೨ ಚದರ ಮೀಟರ್, ರೋಧಗುಣಾಂಕ ೦.೩೫ ಉಳ್ಳ ಕಾರೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತಾಸಿಗೆ ೬೦ ಕಿ.ಮೀ. ವೇಗದಲ್ಲಿ ಗಾಳಿಯ ರೋಧ ಸುಮಾರು ೧೧೭ ನ್ಯೂಟನ್, ಎಂದರೆ ೧೨ ಕಿಲೋ ಭಾರದಷ್ಟು. ಅದೇ ಕಾರು ೨೪೦ ಕಿ.ಮೀ. ವೇಗದಲ್ಲಿ ಓಡಿದರೆ ವೇಗ ನಾಲ್ಮಡಿಯಾದರೂ ರೋಧ ಹದಿನಾರು ಮಡಿಯಾಗಿ ೧೯೦ ಕಿಲೋ ಭಾರಕ್ಕೆ ಮುಟ್ಟುತ್ತದೆ.

ಎರಡನೆಯದು ಅಧೋಬಲ, ಎಂದರೆ ಕಾರನ್ನು ನೆಲಕ್ಕೆ ಒತ್ತುವ ಬಲ. ಕುಷ್ಟಗಿ, ಯಲಬುರ್ಗಾ ಸೀಮೆಯ ಹೊಲಗಳಲ್ಲಿ ನಿಂತಿರುವ ಗಾಳಿಯಂತ್ರಗಳ ಅಲಗುಗಳನ್ನು ಗಮನಿಸಬೇಕು. ಆ ಅಲಗನ್ನು ಅಡ್ಡಕ್ಕೆ ಕೊಯ್ದರೆ ಕಾಣುವ ಆಕಾರವು ವಿಮಾನದ ರೆಕ್ಕೆಯ ಆಕಾರವನ್ನು ಹೋಲುತ್ತದೆ. ಉಬ್ಬಿದ ಮಗ್ಗುಲಲ್ಲಿ ಗಾಳಿ ವೇಗವಾಗಿ ಹರಿದು ಒತ್ತಡ ಇಳಿಯುತ್ತದೆ, ಅಲಗು ಆ ಮಗ್ಗುಲಿಗೆ ಸರಿಯುತ್ತದೆ, ಯಂತ್ರ ತಿರುಗುತ್ತದೆ. ವಿಮಾನದಲ್ಲಿ ಉಬ್ಬು ಮೇಲ್ಮುಖವಾದ್ದರಿಂದ ಅದು ಏರುತ್ತದೆ. ಅದೇ ರೆಕ್ಕೆಯನ್ನು ಬೋರಲು ಮಾಡಿ ಕಾರಿನ ಹಿಂಭಾಗಕ್ಕೆ ಕೂಡಿಸಿದರೆ ಕಾರು ನೆಲಕ್ಕೆ ಒತ್ತಲ್ಪಡುತ್ತದೆ. ಇದರ ಪ್ರಯೋಜನ ತಿರುವಿನಲ್ಲಿ ಕಾಣುತ್ತದೆ. ೧,೩೦೦ ಕಿಲೋ ತೂಕದ ಕಾರಿನ ಮೇಲೆ ಗಾಳಿಯು ಇನ್ನೂ ೧,೦೦೦ ಕಿಲೋ ಭಾರದಷ್ಟು ಒತ್ತಿದರೆ ಟಾಯರುಗಳು ೨,೩೦೦ ಕಿಲೋ ಭಾರಕ್ಕೆ ತಕ್ಕಂತೆ ನೆಲವನ್ನು ಹಿಡಿಯುತ್ತವೆ. ಆದರೆ ತಿರುವಿನಲ್ಲಿ ಹೊರಕ್ಕೆ ಸಿಡಿಯಲು ಯತ್ನಿಸುವ ದ್ರವ್ಯರಾಶಿ ಮಾತ್ರ ೧,೩೦೦ ಕಿಲೋ ಆಗಿಯೇ ಉಳಿಯುತ್ತದೆ. ಚೀಲ ಹೇರಿದರೆ ಹಿಡಿತವೂ ಹೆಚ್ಚು, ಭಾರವೂ ಹೆಚ್ಚು. ಗಾಳಿಯನ್ನು ಹೇರಿದರೆ ಹಿಡಿತ ಮಾತ್ರ ಹೆಚ್ಚು. ಇದೇ ಅಧೋಬಲದ ಮಹಿಮೆ.

ರೆಕ್ಕೆಗಿಂತಲೂ ಗುಪ್ತವಾಗಿ ಈ ಕೆಲಸವನ್ನು ಮಾಡುವುದು ಕಾರಿನ ತಳ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗಂಗಾವತಿ ಸೀಮೆಯಲ್ಲಿ ಸೇತುವೆಯ ಇಕ್ಕಟ್ಟಿನ ಕಂಡಿಯೊಳಗೆ ಹೊಗುವಾಗ ವೇಗ ಹೆಚ್ಚುತ್ತದೆ, ನೀರಿನ ಮಟ್ಟ ತುಸು ತಗ್ಗುತ್ತದೆ. ಕಾರಿನ ತಳಕ್ಕೂ ರಸ್ತೆಗೂ ನಡುವಣ ಇಕ್ಕಟ್ಟಿನ ಸಂದಿಯಲ್ಲಿ ಗಾಳಿಯದೂ ಇದೇ ರೀತಿ: ವೇಗ ಹೆಚ್ಚಿತು, ಒತ್ತಡ ತಗ್ಗಿತು, ಮೇಲಿನ ಗಾಳಿ ಕಾರನ್ನು ಕೆಳಕ್ಕೆ ಅದುಮಿತು. ಇಕ್ಕಟ್ಟಿನಿಂದ ಹೊರಬರುವ ಗಾಳಿ ಸುಳಿಯಾಗದೆ ಸಾವಕಾಶವಾಗಿ ಹರಡಿಕೊಳ್ಳಲೆಂದು ಹಿಂಭಾಗದ ತಳವನ್ನು ಮೆಲ್ಲಗೆ ಮೇಲಕ್ಕೆ ಎತ್ತಿರುತ್ತಾರೆ. ಅದಕ್ಕೆ ಡಿಫ್ಯೂಸರ್ ಎಂದು ಹೆಸರು.

ಮೂರನೆಯದು ಸಮತೋಲ. ಅಧೋಬಲ ಎಷ್ಟಿದೆ ಎಂಬುದರಷ್ಟೇ ಅದು ಎಲ್ಲಿ ಬೀಳುತ್ತದೆ ಎಂಬುದೂ ಮುಖ್ಯ. ಹಿಂದೆ ಭಾರ ಹೆಚ್ಚಾದ ಚಕ್ಕಡಿಯಲ್ಲಿ ನೊಗ ಮೇಲಕ್ಕೇಳುತ್ತದೆ. ಹಾಗೆಯೇ ಮುಂಭಾಗದ ಅಧೋಬಲ ಕಳೆದುಹೋದರೆ ಕಾರಿನ ಮೂತಿ ಹಗುರವಾಗುತ್ತದೆ. ಇದು ಮುಂದೆ ಬರುವ ಪ್ರಸಂಗಗಳಿಗೆ ಬೀಜವಾದುದರಿಂದ ವಿದ್ಯಾರ್ಥಿಗಳು ಚೆನ್ನಾಗಿ ನೆನಪಿಡತಕ್ಕದ್ದು.

ಎರಡು ರೂಪಗಳ ಭೇದ

ಉತ್ಪಾದನಾಮೂಲದ ಕಾರಿನಲ್ಲಿ ಗಾಳಿಗೆ ಸಿಗುವುದು ಎರಡನೆಯ ಸ್ಥಾನ. ಅಲ್ಲಿ ಮನುಷ್ಯನಿಗೆ ಕುಳಿತುಕೊಳ್ಳಲು, ಬಾಗಿಲು ತೆರೆದು ಇಳಿಯಲು, ಗಾಜಿನಿಂದ ಹೊರಗೆ ನೋಡಲು ಬೇಕಾದ ಆಕಾರವು ಮೊದಲೇ ನಿಶ್ಚಯವಾಗಿರುತ್ತದೆ. ಮರ್ಸಿಡಿಸ್-ಎಎಂಜಿ ಜಿಟಿ೩ ಕಾರಿನಲ್ಲಿ ಎಂಜಿನ್ನು ಚಾಲಕನ ಮುಂದಿದೆ. ಆದುದರಿಂದ ಉದ್ದವಾದ ಮೂತಿ, ಹಿಂದಕ್ಕೆ ಸರಿದ ಆಸನ, ಮೂತಿಯಲ್ಲಿ ನೀರು ತಣಿಸುವ ರೇಡಿಯೇಟರ್, ಕಾವೇರಿದ ಗಾಳಿ ಹೊರಬೀಳಲು ಬಾನೆಟ್ಟಿನ ಮೇಲೆ ಕಂಡಿಗಳು — ಇವೆಲ್ಲ ಮೂಲ ಕಾರಿನಿಂದ ಬಂದ ಕಟ್ಟುಪಾಡುಗಳು. ಪಂದ್ಯದ ತಜ್ಞರು ಅದಕ್ಕೆ ಮುಂದೆ ನೆಲದ ಸಮೀಪ ಚಾಚಿದ ತುಟಿಯಂಥ ಫಲಕವನ್ನೂ, ಹಿಂದೆ ದೊಡ್ಡ ರೆಕ್ಕೆಯನ್ನೂ, ಅಡಿಯಲ್ಲಿ ಚಪ್ಪಟೆ ತಳವನ್ನೂ ಡಿಫ್ಯೂಸರನ್ನೂ ಕೂಡಿಸುತ್ತಾರೆ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಪ್ರಕೃತಿ ಮೊದಲೇ ಸಿದ್ಧವಾಗಿದೆ. ಇವರು ಹಚ್ಚುವುದು ಪ್ರತ್ಯಯಗಳನ್ನು ಮಾತ್ರ.

ಮೂಲಮಾದರಿ ಕಾರಿನಲ್ಲಿ ಪ್ರಕೃತಿಯೇ ಗಾಳಿಯನ್ನು ಅನುಸರಿಸಿ ಹುಟ್ಟುತ್ತದೆ. ಓರೆಕಾ ೦೭ ಕಾರಿನ ಎತ್ತರ ಒಂದು ಮೀಟರನ್ನು ಸ್ವಲ್ಪವೇ ಮೀರುತ್ತದೆ. ಎಂಜಿನ್ನು ಚಾಲಕನ ಬೆನ್ನಿನ ಹಿಂದಿದೆ. ಚಾಲಕನ ಕೋಣೆ ಇಕ್ಕಟ್ಟಾದ ಗುಳ್ಳೆಯಂತಿದೆ. ನಡುವಣ ಮೂತಿಗೂ ಇಬ್ಬದಿಯ ಗಾಲಿಗಳ ಹೊದಿಕೆಗೂ ನಡುವೆ ಬಿಟ್ಟ ಹಾದಿಯಲ್ಲಿ ಗಾಳಿಯು ಒಳನುಗ್ಗಿ, ಒಂದು ಪಾಲು ಮಗ್ಗುಲಿನ ರೇಡಿಯೇಟರುಗಳನ್ನು ತಣಿಸಿ, ಉಳಿದದ್ದು ಬದಿಗಳಿಂದ ಹೊರಕ್ಕೆ ಸಾಗುತ್ತದೆ. ಮುಂದಿನ ತುಟಿ ಗಾಳಿಯನ್ನು ಎಲ್ಲಿ ಸೀಳಿತೋ ಅಲ್ಲಿಂದ ಹಿಂದಿನ ಡಿಫ್ಯೂಸರ್ ಬಿಡುವವರೆಗೆ ಪ್ರತಿಯೊಂದು ಅಂಗವೂ ಮುಂದಿನ ಅಂಗಕ್ಕೆ ಗಾಳಿಯನ್ನು ಕೈದಾಟಿಸುತ್ತದೆ. ಆದಕಾರಣ ಅಷ್ಟೇ ರೋಧಕ್ಕೆ ಇಲ್ಲಿ ಹೆಚ್ಚು ಅಧೋಬಲ ದೊರೆಯುತ್ತದೆ. ಉತ್ಪಾದನಾಮೂಲದ ಕಾರು ಅಧೋಬಲಕ್ಕಾಗಿ ತೆರುವ ರೋಧವೆಂಬ ಬೆಲೆ ಹೆಚ್ಚು. ಮೂಲಮಾದರಿ ತೆರುವ ಬೆಲೆ ಕಡಿಮೆ.

ತೂಕದಲ್ಲಿಯೂ ಅಂತರವಿದೆ. ೨೦೧೯ರಲ್ಲಿ ಓರೆಕಾ ಸ್ಪರ್ಧಿಸಿದ ಎಲ್‌ಎಂಪಿ೨ ವರ್ಗದ ಕನಿಷ್ಠ ತೂಕ ೯೩೦ ಕಿಲೋ. ಜಿಟಿ೩ ಕಾರುಗಳ ತೂಕ ಸಾಮಾನ್ಯವಾಗಿ ೧,೨೫೦ರಿಂದ ೧,೩೦೦ ಕಿಲೋ ಆಸುಪಾಸಿನದು. ಆ ವರ್ಷ ಲ ಮಾನ್ ಪಂದ್ಯದ ಅರ್ಹತಾ ಸುತ್ತುಗಳಲ್ಲಿ ೧೩.೬ ಕಿ.ಮೀ. ಉದ್ದದ ಹಾದಿಯನ್ನು ಎಲ್‌ಎಂಪಿ೨ ವರ್ಗದ ಅತಿವೇಗದ ಕಾರು ಸುಮಾರು ೩ ನಿಮಿಷ ೨೫ ಸೆಕೆಂಡುಗಳಲ್ಲಿ ಸುತ್ತಿತು. ಅದೇ ಪಂದ್ಯದ ಉತ್ಪಾದನಾಮೂಲದ ಜಿಟಿಇ ವರ್ಗದ ಅತಿವೇಗದ ಕಾರಿಗೆ ಸುಮಾರು ೩ ನಿಮಿಷ ೪೮ ಸೆಕೆಂಡು ಬೇಕಾಯಿತು. ಈ ಇಪ್ಪತ್ತಮೂರು ಸೆಕೆಂಡುಗಳಲ್ಲಿ ಎಂಜಿನ್ನಿನ ಪಾಲೂ ತೂಕದ ಪಾಲೂ ಇದೆ. ತಿರುವುಗಳಲ್ಲಿ ಗಾಳಿಯ ಪಾಲು ದೊಡ್ಡದು.

ನಾಮಕ್ಕೂ ರೂಪಕ್ಕೂ ಬಂದ ವಿರೋಧ

ಈ ಎರಡು ಬಗೆಗಳು ತಮ್ಮ ತಮ್ಮ ಹೆಸರಿನಲ್ಲಿ ಇದ್ದಷ್ಟು ಕಾಲ ತೊಡಕಿಲ್ಲ. ಒಂದರ ಹೆಸರಿನಲ್ಲಿ ಇನ್ನೊಂದು ಓಡತೊಡಗಿದಾಗ ತೊಡಕು ಹುಟ್ಟಿತು. ಅದು ೧೯೯೦ರ ದಶಕದ ಕಥೆ.

ಮೆಕ್‌ಲಾರೆನ್ ಎಫ್೧ ಎಂಬ ಕಾರನ್ನು ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಗಾರ್ಡನ್ ಮರ್ರೆ ಎಂಬ ವಿನ್ಯಾಸಕಾರರು ರಸ್ತೆಯ ಕಾರಾಗಿಯೇ ಕಲ್ಪಿಸಿದರು. ಚಾಲಕನು ನಡುವೆ, ಇಬ್ಬರು ಪ್ರಯಾಣಿಕರು ಅವನ ಎಡಬಲಗಳಲ್ಲಿ ತುಸು ಹಿಂದೆ, ಪೆಟ್ಟಿಗೆಗಳಿಗೂ ಸ್ಥಳವುಂಟು. ಪಂದ್ಯಕ್ಕೆ ಬೇಕೆಂದು ಕೇಳಿದವರಿಗಾಗಿ ಅದಕ್ಕೆ ರೆಕ್ಕೆ ಮೊದಲಾದವನ್ನು ಕೂಡಿಸಿ ಜಿಟಿಆರ್ ಎಂಬ ರೂಪವನ್ನು ಸಿದ್ಧಪಡಿಸಲಾಯಿತು. ೧೯೯೫ರ ಲ ಮಾನ್ ಪಂದ್ಯದಲ್ಲಿ ದೀರ್ಘಕಾಲ ಸುರಿದ ಮಳೆಯಲ್ಲಿ ಈ ಕಾರು ಮೂಲಮಾದರಿಗಳನ್ನೂ ಹಿಂದಿಕ್ಕಿ ಗೆದ್ದಿತು. ಗೆದ್ದ ಕಾರಿನ ಚಾಲಕರು ಯಾನಿಕ್ ದಾಲ್ಮಾ, ಜೆ.ಜೆ. ಲೆಹ್ಟೊ, ಮಸಾನೊರಿ ಸೆಕಿಯ. ಇಲ್ಲಿ ಜಿ.ಟಿ. ಎಂಬುದು ಅನ್ವರ್ಥವಾಗಿಯೇ ಇದ್ದಿತು.

ಮರುವರ್ಷ, ೧೯೯೬ರಲ್ಲಿ, ಪೋರ್ಷೆ ಸಂಸ್ಥೆಯು ೯೧೧ ಜಿಟಿ೧ ಎಂಬ ಕಾರನ್ನು ತಂದಿತು. ಅದರ ಮುಂಭಾಗದ ಉಕ್ಕಿನ ಕಟ್ಟು ರಸ್ತೆಯ ೯೧೧ ಕಾರಿನದು. ಹಿಂಭಾಗವು ಪಂದ್ಯಕ್ಕೆಂದೇ ಮಾಡಿದ್ದು. ರಸ್ತೆಯ ೯೧೧ರಲ್ಲಿ ಹಿಂದಿನ ಅಚ್ಚಿನ ಆಚೆಗೆ ಇರುತ್ತಿದ್ದ ಎಂಜಿನ್ನು ಇಲ್ಲಿ ಅಚ್ಚಿನ ಈಚೆಗೆ ಬಂದಿತು. ಹೀಗೆ ಹಿಂದಿನ ತಳವು ಡಿಫ್ಯೂಸರಿಗೆ ತೆರವಾಯಿತು. ವಾಯುಗತಿಯ ದೃಷ್ಟಿಯಿಂದ ಇದೇ ದೊಡ್ಡ ತಿರುವು. ೧೯೯೭ರಲ್ಲಿ ಮರ್ಸಿಡಿಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಸಿಎಲ್‌ಕೆ ಜಿಟಿಆರ್ ಮೊದಲು ಪಂದ್ಯದ ಕಾರಾಗಿ ಹುಟ್ಟಿತು. ನಿಯಮ ಕೇಳಿದ ಇಪ್ಪತ್ತೈದರ ಆಸುಪಾಸಿನ ರಸ್ತೆಯ ಕಾರುಗಳು ಆಮೇಲೆ ಬಂದವು. ರಸ್ತೆಯ ಕಾರಿನಿಂದ ಪಂದ್ಯದ ಕಾರು ಹುಟ್ಟಬೇಕಾದಲ್ಲಿ, ಪಂದ್ಯದ ಕಾರಿನಿಂದ ರಸ್ತೆಯ ಕಾರು ಹುಟ್ಟಿತು. ಸ್ಪರ್ಧೆಯಲ್ಲಿ ಉಳಿಯಲು ಮೆಕ್‌ಲಾರೆನ್ ಕಾರಿಗೂ ೧೯೯೭ರಲ್ಲಿ ಅಧೋಬಲಕ್ಕಾಗಿ ಉದ್ದನೆಯ ಮೂತಿಬಾಲಗಳನ್ನು ಬೆಳೆಸಬೇಕಾಯಿತು. ಆದರೂ ಅದು ಆ ವರ್ಷದ ಎಫ್.ಐ.ಎ. ಜಿ.ಟಿ. ಪ್ರಶಸ್ತಿಯನ್ನು ಮರ್ಸಿಡಿಸ್ಸಿಗೆ ಬಿಟ್ಟುಕೊಟ್ಟಿತು.

ಟೊಯೋಟ ಸಂಸ್ಥೆಯ ಜಿಟಿ-ಒನ್ ಕಾರಿನ ವಿಷಯವಂತೂ ವಿನೋದವಾಗಿದೆ. ಜಿ.ಟಿ. ಕಾರಿನಲ್ಲಿ ಪ್ರವಾಸದ ಪೆಟ್ಟಿಗೆಗೆ ಸ್ಥಳವಿರಲೇಬೇಕೆಂದು ನಿಯಮ. ೧೯೯೮ರಲ್ಲಿ ತಪಾಸಣೆಯ ಅಧಿಕಾರಿಗಳ ಮುಂದೆ ಆ ಸಂಸ್ಥೆಯವರು, ಬರಿದಾದ ಇಂಧನದ ತೊಟ್ಟಿಯಲ್ಲಿ ಪೆಟ್ಟಿಗೆ ಹಿಡಿಯಬಲ್ಲುದಾದ್ದರಿಂದ ಅದೇ ಪೆಟ್ಟಿಗೆಯ ಸ್ಥಳವೆಂದು ವಾದಿಸಿ ಒಪ್ಪಿಸಿದರು. ಇಂಧನವಿಲ್ಲದೆ ಪ್ರವಾಸವಿಲ್ಲ, ಇಂಧನವಿದ್ದರೆ ಪೆಟ್ಟಿಗೆಗೆ ಎಡೆಯಿಲ್ಲ! ನಿಯಮದ ಅಕ್ಷರ ಉಳಿಯಿತು, ಅರ್ಥ ಅಳಿಯಿತು. ಅನ್ವರ್ಥವಾಗಿದ್ದ ಹೆಸರು ಕೇವಲ ರೂಢಿಯ ಹೆಸರಾಯಿತು.

ಒತ್ತಿದ ಗಾಳಿಯೇ ಎತ್ತಿದ ಪ್ರಸಂಗ

ಹೀಗೆ ಜಿ.ಟಿ. ಎಂಬ ಹೆಸರಿನಲ್ಲಿ ಮೂಲಮಾದರಿಯ ರೂಪವು ಬೆಳೆದಂತೆಲ್ಲ ಕಾರುಗಳ ತಳ ಅಗಲವಾಗಿ, ಚಪ್ಪಟೆಯಾಗಿ, ನೆಲಕ್ಕೆ ಸಮೀಪವಾಯಿತು. ನೆಲದ ಸಮೀಪದಲ್ಲಿದ್ದಷ್ಟು ಕಾಲ ಆ ತಳವು ಕಾರನ್ನು ಕೆಳಕ್ಕೆ ಸೆಳೆಯುತ್ತದೆ. ಆದರೆ ಮೂತಿ ಸ್ವಲ್ಪ ಹೆಚ್ಚು ಮೇಲೆದ್ದು ಗಾಳಿಯು ಅಡಿಯಿಂದ ಹೊಕ್ಕಿತೆಂದರೆ ಅದೇ ತಳವು ದೊಡ್ಡ ರೆಕ್ಕೆಯಾಗಿ ಪರಿಣಮಿಸುತ್ತದೆ. ಲೆಕ್ಕ ನೋಡಬಹುದು. ತಾಸಿಗೆ ೩೦೦ ಕಿ.ಮೀ. ವೇಗದಲ್ಲಿ ಗಾಳಿಯ ಗತಿಜನ್ಯ ಒತ್ತಡ ಪ್ರತಿ ಚದರ ಮೀಟರಿಗೆ ಸುಮಾರು ೪,೧೭೦ ನ್ಯೂಟನ್. ೮ ಚದರ ಮೀಟರ್ ತಳಕ್ಕೆ ಅದನ್ನು ಗುಣಿಸಿದರೆ ಸುಮಾರು ೩,೪೦೦ ಕಿಲೋ ಭಾರ. ಅದರ ಮೂರರಲ್ಲೊಂದು ಪಾಲು ಮೇಲ್ಮುಖವಾದರೂ ೧,೧೦೦ ಕಿಲೋ ಮೀರುತ್ತದೆ. ಕಾರಿನ ತೂಕವೇ ೯೦೦ ಚಿಲ್ಲರೆ ಕಿಲೋ. ಉಳಿದದ್ದನ್ನು ವಿವರಿಸಬೇಕಾಗಿಲ್ಲ.

ಮೂತಿ ಏಳಲು ಎರಡು ಸಂದರ್ಭಗಳು ಕೂಡಿಬಂದರೆ ಸಾಕು. ರಸ್ತೆಯ ಏರು ಮುಗಿದು ಇಳಿಜಾರು ತೊಡಗುವ ದಿಬ್ಬದ ನೆತ್ತಿಯಲ್ಲಿ ಕಾರು ಹಗುರವಾಗುತ್ತದೆ, ಇದು ಒಂದು. ಮುಂದಿನ ಕಾರಿನ ಬೆನ್ನ ಹಿಂದಿನ ಕಲಕಿದ ಗಾಳಿಯಲ್ಲಿ ಸಾಗುವಾಗ ಮುಂಭಾಗದ ಅಧೋಬಲ ಕುಗ್ಗುತ್ತದೆ, ಇದು ಇನ್ನೊಂದು. ೧೯೯೮ರಲ್ಲಿ ಅಮೆರಿಕದ ರೋಡ್ ಅಟ್ಲಾಂಟ ಹಾದಿಯ ಪಂದ್ಯದಲ್ಲಿ ಎರಡೂ ಕೂಡಿಬಂದವು. ಪೋರ್ಷೆ ೯೧೧ ಜಿಟಿ೧-೯೮ ಕಾರೊಂದು ಇನ್ನೊಂದು ಕಾರನ್ನು ಬೆನ್ನಟ್ಟಿ ದಿಬ್ಬವನ್ನು ದಾಟುವಾಗ ಮೂತಿಯೆತ್ತಿ ಹಿಮ್ಮುಖವಾಗಿ ಗಾಳಿಯಲ್ಲಿ ಮಗುಚಿತು. ಅದರ ಚಾಲಕರು ಅದೇ ಯಾನಿಕ್ ದಾಲ್ಮಾ! ಮೂರು ವರ್ಷಗಳ ಹಿಂದೆ ರಸ್ತೆಯ ಕಾರಿನಿಂದ ರೂಪುಗೊಂಡ ಜಿ.ಟಿ. ಕಾರಿನಲ್ಲಿ ಲ ಮಾನ್ ಗೆದ್ದವರು, ಜಿ.ಟಿ. ಎಂಬ ಅದೇ ಹೆಸರಿನ ಮೂಲಮಾದರಿಯಲ್ಲಿ ಆಕಾಶಕ್ಕೆ ಎಸೆಯಲ್ಪಟ್ಟರು. ಅದೃಷ್ಟವಶಾತ್ ಅವರ ಪ್ರಾಣಕ್ಕೆ ಅಪಾಯವಾಗಲಿಲ್ಲ.

ಮುಂದಿನ ವರ್ಷ ಇದು ಇನ್ನೂ ಭಯಂಕರವಾಗಿ ಮರುಕಳಿಸಿತು. ೧೯೯೯ರ ಜೂನ್ ತಿಂಗಳಲ್ಲಿ ಲ ಮಾನ್ ಪಂದ್ಯಕ್ಕೆ ಮರ್ಸಿಡಿಸ್ ತಂದ ಸಿಎಲ್‌ಆರ್ ಕಾರುಗಳ ಮೂತಿಬಾಲಗಳು ಗಾಲಿಗಳ ಆಚೆಗೆ ಉದ್ದವಾಗಿ ಚಾಚಿದ್ದವು. ಗುರುವಾರದ ಅರ್ಹತಾ ಸುತ್ತಿನಲ್ಲಿ ಮಾರ್ಕ್ ವೆಬ್ಬರ್ ಅವರ ಕಾರು ಹಾರಿ ಬಿದ್ದಿತು. ಅದನ್ನು ದುರಸ್ತಿ ಮಾಡಿ ಶನಿವಾರ ಬೆಳಿಗ್ಗೆ ಮತ್ತೆ ಇಳಿಸಿದರು; ಅವರೇ ಓಡಿಸುತ್ತಿದ್ದಾಗ ಅದು ಪುನಃ ಮಗುಚಿತು. ಉಳಿದ ಕಾರುಗಳ ಮುಂಭಾಗಕ್ಕೆ ಸಣ್ಣ ಫಲಕಗಳನ್ನು ಕೂಡಿಸಿ, ಬೇರೆ ಕಾರಿಗೆ ತೀರ ಹತ್ತಿರ ಹೋಗಬಾರದೆಂದು ಚಾಲಕರಿಗೆ ಹೇಳಿ ಪಂದ್ಯಕ್ಕೆ ಬಿಡಲಾಯಿತು. ಜೂನ್ ೧೨ರ ಸಂಜೆ ಪೀಟರ್ ಡಂಬ್ರೆಕ್ ಅವರ ಕಾರು ವೇಗದಲ್ಲಿ ಮೇಲೆದ್ದು, ಗಾಳಿಯಲ್ಲಿ ಉರುಳುತ್ತ ತಡೆಗೋಡೆಯನ್ನೂ ದಾಟಿ, ಗಿಡಮರಗಳ ನಡುವೆ ಬ���ದ್ದಿತು. ಆ ಸಂಜೆ ಆ ಮರಗಳ ಜಾಗದಲ್ಲಿ ಜನ ನಿಂತಿದ್ದರೆ! ಡಂಬ್ರೆಕ್ ಬದುಕಿದರು, ವೆಬ್ಬರ್ ಸಹ ಬದುಕಿದರು. ಉಳಿದ ಕಾರನ್ನು ಸಂಸ್ಥೆ ಕೂಡಲೇ ಹಿಂದಕ್ಕೆ ಕರೆಯಿತು; ಸಿಎಲ್‌ಆರ್ ಮತ್ತೆ ಪಂದ್ಯಕ್ಕೆ ಇಳಿಯಲಿಲ್ಲ.

ಇಲ್ಲಿ ಗಾಳಿಯ ತಪ್ಪೇನೂ ಇಲ್ಲ. ಮೊದಲ ಸಲ ಹಾರಿದಾಗಲೇ ಗಾಳಿಯು ತನ್ನ ಮಾತನ್ನು ಹೇಳಿತ್ತು. ಎರಡನೆಯ ಸಲ ಅದನ್ನೇ ಪುನರುಚ್ಚರಿಸಿತು. ಕೇಳಿಸಿಕೊಳ್ಳಬೇಕಾದವರು ಮೂರನೆಯ ಸಲದವರೆಗೆ ಕಾದರು.

ನಿಯಮದ ಹೊಸ ಕಟ್ಟು

ಅನುಭವವು ಎರಡು ಬಗೆಯಲ್ಲಿ ಪಾಠ ಕಲಿಸಿತು. ಮೂಲಮಾದರಿಗಳನ್ನು ಮೂಲಮಾದರಿಗಳೆಂದೇ ಒಪ್ಪಿ, ಅವುಗಳ ಅಪಾಯಕ್ಕೆ ತಕ್ಕ ಕಟ್ಟುಗಳನ್ನು ವಿಧಿಸಲಾಯಿತು; ಇದು ಮೊದಲನೆಯ ಬಗೆ. ಲ ಮಾನ್ ಪಂದ್ಯದ ಹೊಸ ಮೂಲಮಾದರಿಗಳ ಬೆನ್ನಿನ ಮೇಲೆ ೨೦೧೧ರಿಂದ ಮೀನಿನ ಈಜುರೆಕ್ಕೆಯಂಥ ಎತ್ತರದ ಫಲಕ ಕಡ್ಡಾಯವಾಯಿತು. ಕಾರು ಅಡ್ಡಕ್ಕೆ ತಿರುಗಿದಾಗ ಅದು ಗಾಳಿಗೆ ತಡೆಯೊಡ್ಡಿ ಮೇಲೇಳುವುದನ್ನು ತಗ್ಗಿಸುತ್ತದೆ. ೨೦೧೨ರಿಂದ ಗಾಲಿಗಳ ಹೊದಿಕೆಯಲ್ಲಿ ದೊಡ್ಡ ಕಂಡಿಗಳನ್ನು ಬಿಡುವುದೂ ಕಡ್ಡಾಯವಾಯಿತು. ಒಳಗೆ ತುಂಬಿದ ಗಾಳಿಯ ಒತ್ತಡಕ್ಕೆ ಅಲ್ಲಿ ಹೊರದಾರಿ ದೊರೆಯುತ್ತದೆ. ಮೈನಿಯವರು ೨೦೧೯ರಲ್ಲಿ ಓಡಿಸಿದ ಓರೆಕಾ ಕಾರಿನಲ್ಲಿ ಈ ಎರಡೂ ಅಂಗಗಳಿದ್ದವು. ನೋಡುವವನಿಗೆ ಅವು ಅಲಂಕಾರದಂತೆ ಕಾಣಬಹುದು. ಅವು ಅಲಂಕಾರಗಳಲ್ಲ, ಹಿಂದಿನವರ ಪ್ರಾಣಸಂಕಟದಿಂದ ಕಲಿತ ಪಾಠದ ಗುರುತುಗಳು.

ಎರಡನೆಯ ಬಗೆ, ಉತ್ಪಾದನಾಮೂಲದ ಕಾರುಗಳನ್ನು ಅವುಗಳ ಹೆಸರಿಗೆ ಮರಳಿಸಿದ್ದು. ೨೦೦೬ರಲ್ಲಿ ಆರಂಭವಾದ ಜಿಟಿ೩ ವರ್ಗದಲ್ಲಿ ಮಾರುಕಟ್ಟೆಯ ಕಾರೇ ಆಧಾರವಾಗಿರಬೇಕು. ಮುಂದೆ ಎಂಜಿನ್ನುಳ್ಳ ಎತ್ತರದ ಕಾರು, ಹಿಂದೆ ಎಂಜಿನ್ನುಳ್ಳ ತಗ್ಗಿನ ಕಾರು ಒಟ್ಟಿಗೆ ಓಡಿದರೆ ಗಾಳಿಯ ಅನುಕೂಲ ಒಂದಕ್ಕೆ ಹೆಚ್ಚು, ಒಂದಕ್ಕೆ ಕಡಿಮೆ. ಅದನ್ನು ಸರಿದೂಗಿಸಲು ಅಧಿಕಾರಿಗಳು ಪ್ರತಿಯೊಂದು ಮಾದರಿಯನ್ನೂ ಪರೀಕ್ಷಿಸಿ, ಕನಿಷ್ಠ ತೂಕ, ನೆಲದಿಂದ ಎತ್ತರ, ಎಂಜಿನ್ನಿನ ಶಕ್ತಿ ಮೊದಲಾದವನ್ನು ಏರಿಳಿಸಿ ನಿಗದಿಪಡಿಸುತ್ತಾರೆ. ಸಂತೆಯಲ್ಲಿ ತಕ್ಕಡಿಯ ತಟ್ಟೆಗಳು ಸಮನಾಗಿಲ್ಲದಿದ್ದರೆ ಹಗುರಾದ ಕಡೆಗೆ ಸಣ್ಣ ಕಲ್ಲು ಕಟ್ಟಿ ಸರಿಪಡಿಸಿದ ಹಾಗೆ. ಡಿ.ಟಿ.ಎಂ. ಪಂದ್ಯಮಾಲೆಯೂ ಪಂದ್ಯಕ್ಕೆಂದೇ ಕಟ್ಟಿದ ತನ್ನ ದುಬಾರಿ ಕಾರುಗಳನ್ನು ೨೦೨೦ಕ್ಕೆ ಕೈಬಿಟ್ಟು, ೨೦೨೧ರಲ್ಲಿ ಜಿಟಿ೩ ಕಾರುಗಳನ್ನು ಸ್ವೀಕರಿಸಿತು. ಮೈನಿಯವರು ಅಲ್ಲಿ ಮರ್ಸಿಡಿಸ್ ಓಡಿಸಿದ್ದು ಆ ವರ್ಷವೇ.

ಉಪಸಂಹಾರ

ಉತ್ಪಾದನಾಮೂಲದ ಕಾರು ಹೆಚ್ಚೋ ಮೂಲಮಾದರಿ ಹೆಚ್ಚೋ ಎಂದು ಕೇಳುವುದು ಸಮಂಜಸವಲ್ಲ. ಮನೆಯ ಚಕ್ಕಡಿಗೂ ಓಟದ ಬಂಡಿಗೂ ಅವುಗಳದೇ ಆದ ಗೌರವವುಂಟು. ಒಂದು, ಇದ್ದ ರೂಪದ ಮಿತಿಯೊಳಗೆ ಗಾಳಿಯನ್ನು ಒಲಿಸಿಕೊಳ್ಳುವ ಜಾಣ್ಮೆ. ಇನ್ನೊಂದು, ಗಾಳಿಯ ಮಾತಿನಂತೆ ರೂಪವನ್ನೇ ಪಡೆಯುವ ಸಾಹಸ. ಎರಡೂ ವಿದ್ಯೆಯೇ. ಕೇಡು ಬಂದದ್ದು ಒಂದರ ಹೆಸರನ್ನು ಹೊತ್ತು ಇನ್ನೊಂದರ ಕೆಲಸ ಮಾಡಹೊರಟಾಗ, ಮತ್ತು ಗಾಳಿ ಎಚ್ಚರಿಸಿದ ಮೇಲೂ ಕಿವಿಗೊಡದಿದ್ದಾಗ. ನುಡಿದಂತೆ ನಡೆಯಬೇಕೆಂಬುದು ಶರಣರ ಜೀವನತತ್ವ. ಯಂತ್ರವನ್ನು ರಚಿಸುವವನಿಗೂ ಅದು ಅನ್ವಯಿಸುತ್ತದೆ. ಕಾಗದದ ಮೇಲಿನ ಹೆಸರನ್ನು ತಪಾಸಣೆಯ ಅಧಿಕಾರಿ ಒಪ್ಪಬಹುದು. ತಾಸಿಗೆ ಮುನ್ನೂರು ಕಿ.ಮೀ. ವೇಗದಲ್ಲಿ ಎದುರಾಗುವ ಗಾಳಿಯು ಹೆಸರನ್ನು ಓದುವುದಿಲ್ಲ, ರೂಪವನ್ನು ಮಾತ್ರ ಓದುತ್ತದೆ.

ಈ ವಿದ್ಯೆ ಕರ್ನಾಟಕಕ್ಕೆ ದೂರದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೪೨ರಲ್ಲಿಯೇ ವಿಮಾನಶಾಸ್ತ್ರದ ವಿಭಾಗ ಆರಂಭವಾಯಿತು. ಅದೇ ನಗರದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ೧.೨ ಮೀಟರ್ ಗಾಳಿಸುರಂಗವು ೧೯೬೭ರಲ್ಲಿ ಕೆಲಸ ತೊಡಗಿ, ವಿಮಾನ–ರಾಕೆಟ್ಟುಗಳ ಮಾದರಿಗಳನ್ನು ಪರೀಕ್ಷಿಸಲು ನೆರವಾಗಿದೆ. ಅಲ್ಲಿಗೆ ಹೋಗುವ ಹಾದಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಶಾಲೆಗಳಿಂದಲೂ ಉಂಟು. ಆ ಹಾದಿಯ ಮೊದಲ ಪಾಠಗಳು ದಿನವೂ ಕಣ್ಣ ಮುಂದಿವೆ: ಬಸ್ಸಿನ ಬೆನ್ನ ಹಿಂದಿನ ಧೂಳು, ಕಾಲುವೆಯ ಕಂಡಿಯಲ್ಲಿ ತಗ್ಗುವ ನೀರು, ಹೊಲದಲ್ಲಿ ತಿರುಗುವ ಅಲಗು, ಕಣದಲ್ಲಿ ಬೇರೆಯಾಗುವ ಕಾಳು ಮತ್ತು ಹೊಟ್ಟು. ಇವುಗಳನ್ನು ನಿಂತು ನೋಡಿ, ಏಕೆಂದು ಕೇಳಿ, ಲೆಕ್ಕ ಹಾಕುವ ವಿದ್ಯಾರ್ಥಿಗೆ ಗಾಳಿಯು ತನ್ನ ಗುಟ್ಟನ್ನು ಹೇಳದೆ ಇರಲಾರದು.